ಕಕ್ಕುವ ಕೂಸು: ಹೆಗಲಿನ ಕಲೆ ಬಿಡಿ, ಲಂಗೋಟಿ ಎಣಿಸಿ

ಹಾಲು ಕುಡಿದ ಕೂಸು ಕಕ್ಕುವುದು ಹೊಸ ಸಂಗತಿಯೇನಲ್ಲ. ಬಾಣಂತನದ ಮನೆಗೆ ಹೋದರೆ ಅಜ್ಜಿಯ ಸೆರಗಿನ ಮೇಲೆ, ತಾತನ ಬನಿಯನ್ನಿನ ಮೇಲೆ, ಬಾಣಂತಿಯ ಹೆಗಲ ಮೇಲೆ ಒಂದೊಂದು ಬಿಳಿಯ ಕಲೆ ಇದ್ದೇ ಇರುತ್ತದೆ. ಹತ್ತಿರ ಕುಳಿತರೆ ಹುಳಿ ಹಾಲಿನ ವಾಸನೆ. ಹಿಂದೆ ಇದನ್ನು ಯಾರೂ ರೋಗವೆಂದು ಎಣಿಸುತ್ತಿರಲಿಲ್ಲ. ಈಗ ‘ರಿಫ್ಲಕ್ಸ್’ ಎಂಬ ಹೆಸರು ಮನೆಮನೆಗೂ ತಲುಪಿದೆ. ಹೆಸರು ಬಂದ ಮೇಲೆ ಔಷಧಿ ಬಾರದೆ ಇರುತ್ತದೆಯೇ? ಇನ್ನೂ ಹೆಸರಿಡದ ಕೂಸಿಗೆ ಎರಡು ಬಗೆಯ ಹನಿ ಔಷಧಿ, ಅದು ಸಾಲದೆಂದು ಡಬ್ಬಿ ಹಾಲು. ಇಷ್ಟೆಲ್ಲ ಆದ ಮೇಲೂ ಕೂಸು ಮೊದಲಿನಂತೆಯೇ ಕಕ್ಕುತ್ತಿರುತ್ತದೆ. ಬದಲಾಗಿರುವುದು ಒಂದೇ, ತನ್ನ ಹಾಲಿನ ಮೇಲೆ ತಾಯಿಗಿದ್ದ ನಂಬಿಕೆ ಹೋಗಿರುತ್ತದೆ.

ಚೆನ್ನಾಗಿ ಬೆಳೆಯುತ್ತಿರುವ ಕೂಸು ಕಕ್ಕಿದರೆ ಬದಲಾಯಿಸಬೇಕಾದದ್ದು ಹಾಲನ್ನಲ್ಲ, ಮನೆಯ ಕೆಲಸದ ಕ್ರಮವನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಲಂಗೋಟಿಯನ್ನು ಯಾವಾಗ ಬಿಚ್ಚುತ್ತೇವೆ, ಹೇಗೆ ಕಟ್ಟುತ್ತೇವೆ, ಹಾಲು ಕುಡಿಸಿದ ಮೇಲಿನ ಅರ್ಧ ಗಂಟೆ ಕೂಸು ಯಾರ ತೋಳಿನಲ್ಲಿರುತ್ತದೆ ಎಂಬ ಸಣ್ಣ ಸಂಗತಿಗಳಿಗೆ ಔಷಧಿ ಅಂಗಡಿಯ ಸೀಸೆಗಿಂತ ಹೆಚ್ಚಿನ ಬೆಲೆಯಿದೆ.

ಕಕ್ಕುವುದು ಬೇರೆ, ವಾಂತಿ ಬೇರೆ

ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳಿರುವುದು ಒಳ್ಳೆಯದೇ ಆಯಿತು. ಅನ್ನನಾಳವು ಹೊಟ್ಟೆಯನ್ನು ಸೇರುವಲ್ಲಿ ಉಂಗುರದಂತಹ ಒಂದು ಸ್ನಾಯು ಇದೆ. ಆಹಾರ ಒಳಗೆ ಹೋಗಲು ಅದು ಸಡಿಲಗೊಳ್ಳುತ್ತದೆ, ಆಮೇಲೆ ಬಿಗಿಯಾಗುತ್ತದೆ. ಎಳೆಯ ಮಕ್ಕಳಲ್ಲಿ ಇದು ಹೊತ್ತುಗೊತ್ತಿಲ್ಲದೆ ಆಗಾಗ ಸಡಿಲಗೊಳ್ಳುತ್ತಿರುತ್ತದೆ. ಕೂಸಿನ ಹೊಟ್ಟೆ ಚಿಕ್ಕದು, ಆಹಾರವೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಮಲಗಿಯೇ ಇರುವುದು. ತುಂಬಿದ ಚೊಂಬನ್ನು ಮುಚ್ಚಳ ಭದ್ರವಿಲ್ಲದೆ ಅಡ್ಡ ಮಲಗಿಸಿದರೆ ಏನಾಗುತ್ತದೆ? ಇಲ್ಲಿ ಆಗುವುದೂ ಅದೇ. ಹಾಲು ಬಾಯಂಚಿನಿಂದ ಸದ್ದಿಲ್ಲದೆ ಹರಿಯುತ್ತದೆ. ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಇದ್ದು ಬಂದಿದ್ದರೆ ಮೊಸರಿನಂತೆ ಒಡೆದಿರುತ್ತದೆ. ಕಕ್ಕಿದ ಮಗು ಅಳುವುದಿಲ್ಲ. ಬಾಯಿ ಒರೆಸಿದರೆ ನಗುತ್ತದೆ.

ವಾಂತಿ ಹಾಗಲ್ಲ. ಹೊಟ್ಟೆಯ ಸ್ನಾಯುಗಳು ಹಿಂಡುತ್ತವೆ, ಮುಖ ಕೆಂಪಾಗುತ್ತದೆ, ಹಾಲು ಒತ್ತಡದಿಂದ ಹೊರಬೀಳುತ್ತದೆ, ಮಗು ಸುಸ್ತಾಗುತ್ತದೆ. ವೈದ್ಯರ ಬಳಿ ಹೋದಾಗ ‘ವಾಂತಿ’ ಎಂದು ಹೇಳಿ ಕಕ್ಕಿಗೆ ಔಷಧಿ ಪಡೆದು ಬರುವವರು ಬಹಳ. ಎರಡರಲ್ಲಿ ಯಾವುದು ಎಂದು ಮನೆಯಲ್ಲಿಯೇ ಗಮನಿಸಿ ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಕಕ್ಕುವ ಮಕ್ಕಳು ಎಷ್ಟು? 1997ರಲ್ಲಿ ಅಮೆರಿಕದ ಷಿಕಾಗೋ ಭಾಗದಲ್ಲಿ 948 ಆರೋಗ್ಯವಂತ ಶಿಶುಗಳ ಪೋಷಕರನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ಮೂರು ತಿಂಗಳಲ್ಲಿ ಅರ್ಧದಷ್ಟು ಕೂಸುಗಳು ದಿನಕ್ಕೊಮ್ಮೆಯಾದರೂ ಕಕ್ಕುತ್ತಿದ್ದವು. ನಾಲ್ಕನೆಯ ತಿಂಗಳಲ್ಲಿ ಇದು ಶೇಕಡ 67ಕ್ಕೆ ಏರಿತ್ತು. ವರ್ಷ ತುಂಬುವ ಹೊತ್ತಿಗೆ, ಅಂದರೆ 10ರಿಂದ 12 ತಿಂಗಳ ಮಕ್ಕಳಲ್ಲಿ, ಶೇಕಡ 5ಕ್ಕೆ ಇಳಿದಿತ್ತು. ಹತ್ತರಲ್ಲಿ ಆರು ಮಕ್ಕಳಿಗಿಂತ ಹೆಚ್ಚು ಮಾಡುವ ಕೆಲಸವನ್ನು ರೋಗವೆನ್ನುವುದು ಹೇಗೆ?

ಈ ನಾಲ್ಕನೆಯ ತಿಂಗಳ ಲೆಕ್ಕ ನಮ್ಮ ಮನೆಗಳಲ್ಲಿ ಬೇರೊಂದು ತೊಡಕು ಹುಟ್ಟಿಸುತ್ತದೆ. ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲಿ. ಮೂರು ತಿಂಗಳಿಗೋ ಐದು ತಿಂಗಳಿಗೋ ಮಗುವನ್ನು ಗಂಡನ ಮನೆಗೆ ಕಳಿಸಿಕೊಡುತ್ತಾರೆ. ಕಕ್ಕುವುದು ಏರುವ ಕಾಲಕ್ಕೆ ಸರಿಯಾಗಿ ಕೂಸು ಅಜ್ಜಿಯ ಕೈಯಿಂದ ಇನ್ನೊಬ್ಬ ಅಜ್ಜಿಯ ಕೈಗೆ ಬರುತ್ತದೆ. ‘ಅಲ್ಲಿ ಸರಿಯಾಗಿತ್ತಂತೆ, ಇಲ್ಲಿಗೆ ಬಂದ ಮೇಲೆ ಶುರುವಾಯಿತು’ ಎಂದು ಒಬ್ಬರು, ‘ಅಲ್ಲಿ ಸರಿಯಾಗಿ ಆರೈಕೆ ಆಗಲಿಲ್ಲ’ ಎಂದು ಇನ್ನೊಬ್ಬರು. ನೀರು ಬದಲಾಯಿತು, ದೃಷ್ಟಿ ತಾಗಿತು ಎಂಬ ಮಾತುಗಳೂ ಬರುತ್ತವೆ. ಕೊನೆಗೆ ಎಲ್ಲ ಮಾತುಗಳೂ ಒಂದೇ ಕಡೆಗೆ ತಿರುಗುತ್ತವೆ: ‘ನಿನ್ನ ಹಾಲು ಮಗುವಿಗೆ ಒಗ್ಗುತ್ತಿಲ್ಲ ಕಣಮ್ಮ.’ ಎಳೆಯ ತಾಯಿಯೊಬ್ಬಳನ್ನು ಕುಗ್ಗಿಸಲು ಇದಕ್ಕಿಂತ ದೊಡ್ಡ ಮಾತು ಬೇಡ.

ಕಲೆ ನಂಬಬೇಡಿ

ಮನೆಯವರು ಹೆದರುವುದು ಕಲೆಯನ್ನು ನೋಡಿ. ‘ಕುಡಿದದ್ದೆಲ್ಲ ಹೊರಗೆ ಬಂತು’ ಎನ್ನುತ್ತಾರೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಹಾಲನ್ನು ಒಗೆದ ಬಟ್ಟೆಯ ಮೇಲೆ ಚೆಲ್ಲಿ. ಅದು ಹರಡಿಕೊಳ್ಳುವ ಅಗಲ ನೋಡಿದರೆ ಆಶ್ಚರ್ಯವಾಗುತ್ತದೆ. ಎರಡು ಚಮಚ ಚೆಲ್ಲಿದರೆ ‘ಕುಡಿದದ್ದೆಲ್ಲ’ ಹೊರಬಂದಂತೆಯೇ ಕಾಣುತ್ತದೆ.

ನಂಬಬೇಕಾದದ್ದು ಲಂಗೋಟಿಯನ್ನು. ಒಳಗೆ ಹೋದ ಹಾಲು ಒಳಗೇ ಉಳಿದಿದೆಯೇ ಎಂಬುದಕ್ಕೆ ಮೂತ್ರವೇ ಸಾಕ್ಷಿ. ಹುಟ್ಟಿದ ಮೊದಲ ದಿನಗಳಲ್ಲಿ ಒಂದೆರಡು ಬಾರಿ ಮಾತ್ರ ಒದ್ದೆಯಾಗುವುದು ಸಹಜ; ಹಾಲು ಇಳಿದು ಬಂದಂತೆ ಏರುತ್ತದೆ. ಐದಾರು ದಿನ ಕಳೆದ ಮೇಲೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆರು ಅಥವಾ ಅದಕ್ಕೂ ಹೆಚ್ಚು ಲಂಗೋಟಿಗಳು ಚೆನ್ನಾಗಿ ಒದ್ದೆಯಾಗುತ್ತಿದ್ದು, ಮೂತ್ರ ತಿಳಿಯಾಗಿದ್ದರೆ ಕೂಸಿಗೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕಕ್ಕಿದ್ದು ಹೋಗಲಿ ಬಿಡಿ. ಎದೆಹಾಲಿನ ಕೂಸು ದಿನಕ್ಕೆ ಹಲವು ಬಾರಿ ಹಳದಿಯಾಗಿ, ತೆಳ್ಳಗೆ ಮಲ ವಿಸರ್ಜಿಸಿದರೆ ಅದು ಭೇದಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹಳೆಯ ಪಂಚೆ, ಹಳೆಯ ಹತ್ತಿ ಸೀರೆ ಹರಿದು ಮಾಡಿದ ಲಂಗೋಟಿಗಳಿಗೆ ಇದೊಂದು ಅನುಕೂಲವಿತ್ತು. ಕೊಡಿ ಹಗ್ಗದ ಮೇಲೆ ಒಣಗುತ್ತಿದ್ದ ಲಂಗೋಟಿಗಳನ್ನು ನೋಡಿಯೇ ಅಜ್ಜಿ ಲೆಕ್ಕ ಹೇಳುತ್ತಿದ್ದಳು. ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಬಿಡಿಬಿಡಿಯಾಗಿ ದೊರೆಯುವ ಡಯಾಪರ್ ಒದ್ದೆಯನ್ನೆಲ್ಲ ಹೀರಿಕೊಂಡು ಒಣಗಿದಂತೆಯೇ ಇರುತ್ತದೆ; ಎಷ್ಟು ಸಲ ಆಯಿತೆಂದು ತಿಳಿಯುವುದಿಲ್ಲ. ಡಯಾಪರ್ ಕಟ್ಟುವವರು ಒಂದು ಹೊಸ ಡಯಾಪರಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಕೈಯಲ್ಲಿ ತೂಗಿ ನೋಡಿ. ಆ ಭಾರ ಬಂದರೆ ಒದ್ದೆಯಾದ ಲೆಕ್ಕ. ಕಕ್ಕುವ ಕೂಸಿನ ಮನೆಯಲ್ಲಿ ಹಗಲು ಹೊತ್ತಾದರೂ ಬಟ್ಟೆಯ ಲಂಗೋಟಿ ಕಟ್ಟುವುದು ಮೇಲು ಎಂದು ನನಗೆ ಅನ್ನಿಸುತ್ತದೆ. ಒಗೆಯುವ ಕೆಲಸ ಹೆಚ್ಚುತ್ತದೆ, ನಿಜ. ಒಗೆಯುವವರು ಬಾಣಂತಿಯೇ ಆಗಿರಬೇಕಿಲ್ಲ.

ಎರಡನೆಯ ಸಾಕ್ಷಿ ತೂಕ. ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಎರಡು ವಾರದ ಹೊತ್ತಿಗೆ ಹುಟ್ಟುತೂಕಕ್ಕೆ ಮರಳುತ್ತದೆ. ಅಲ್ಲಿಂದ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡಬೇಕೆಂಬ ಕ್ರಮವಿದೆ. ಆಕೆ ಬಂದಾಗ ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಗುವನ್ನು ತೂಗಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಕೆಲವು ಮನೆಗಳಲ್ಲಿದೆ. ತೂಗದೆ ಔಷಧಿ ಕೊಡುವುದಕ್ಕಿಂತ ತೂಗಿ ದೃಷ್ಟಿ ತೆಗೆಯುವುದು ವಾಸಿ.

ಲಂಗೋಟಿ ಮೊದಲು, ಹಾಲು ಆಮೇಲೆ

ಸಾಮಾನ್ಯವಾಗಿ ಮನೆಗಳಲ್ಲಿ ನಡೆಯುವುದನ್ನು ನೋಡಿ. ಕೂಸು ಎದ್ದು ಅಳುತ್ತದೆ. ತಾಯಿ ಹಾಲು ಕುಡಿಸುತ್ತಾಳೆ. ಕುಡಿಯುತ್ತಲೇ ಕೂಸು ನಿದ್ದೆಹೋಗುತ್ತದೆ. ಮಲಗಿಸಲು ಹೋದಾಗ ಲಂಗೋಟಿ ಒದ್ದೆ ಎಂದು ತಿಳಿಯುತ್ತದೆ. ಅಂಗಾತ ಮಲಗಿಸಿ, ಕೋಳಿಯನ್ನು ಹಿಡಿದಂತೆ ಎರಡೂ ಕಾಲುಗಳನ್ನು ಒಂದೇ ಕೈಯಲ್ಲಿ ಹಿಡಿದು ಸೊಂಟ ಮೇಲೆ ಬರುವಷ್ಟು ಎತ್ತುತ್ತಾರೆ. ತೊಡೆಗಳು ಹೊಟ್ಟೆಯನ್ನು ಅಮುಕುತ್ತವೆ, ತಲೆ ಕೆಳಗಾಗುತ್ತದೆ, ಈಗಷ್ಟೇ ತುಂಬಿದ ಹಾಲು ಬಾಯಿಗೂ ಮೂಗಿಗೂ ಬರುತ್ತದೆ. ಕೂಸು ಎಚ್ಚರಗೊಂಡು ಅಳುತ್ತದೆ. ‘ಹೊಟ್ಟೆ ಖಾಲಿಯಾಯಿತು’ ಎಂದು ಮತ್ತೆ ಹಾಲು. ಅರ್ಧ ಗಂಟೆಗೆ ಮತ್ತೆ ಒದ್ದೆ. ರಾತ್ರಿ ಎರಡು ಗಂಟೆಗೆ ಈ ಸುತ್ತಿನಲ್ಲಿ ಸಿಕ್ಕಿಕೊಂಡ ತಾಯಿ ಬೆಳಗಾಗುವವರೆಗೆ ಹೊರಬರುವುದಿಲ್ಲ.

ಹಾಗಾಗಿ ಮೊದಲು ಲಂಗೋಟಿ, ಆಮೇಲೆ ಹಾಲು. ಆದರೆ ಹಸಿದು ಕಿರುಚುವ ಕೂಸನ್ನು ಮಲಗಿಸಿ ಬಟ್ಟೆ ಬದಲಾಯಿಸುವುದೂ ಸರಿಯಲ್ಲ. ಅಳುತ್ತಾ ಗಾಳಿ ನುಂಗಿ, ಆತುರದಲ್ಲಿ ಕುಡಿದು ಇನ್ನಷ್ಟು ಕಕ್ಕುತ್ತದೆ. ಅಳು ಹಸಿವಿನ ಕೊನೆಯ ಗುರುತು. ಅದಕ್ಕಿಂತ ಮೊದಲೇ ಕೂಸು ಬಾಯಿ ಚಪ್ಪರಿಸುತ್ತದೆ, ತಲೆ ಅತ್ತಿತ್ತ ತಿರುಗಿಸಿ ಹುಡುಕುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಲಂಗೋಟಿ ನೋಡುವ ಹೊತ್ತು ಅದು. ಅಳು ಆಗಲೇ ಶುರುವಾಗಿದ್ದರೆ ಒಂದು ಕಡೆಯ ಎದೆಹಾಲು ಕುಡಿಸಿ, ಸ್ವಲ್ಪ ಹೊತ್ತು ಹೆಗಲಿಗೆ ಹಾಕಿಕೊಂಡು, ಆಮೇಲೆ ಲಂಗೋಟಿ ಬದಲಾಯಿಸಿ, ಇನ್ನೊಂದು ಕಡೆ ಕುಡಿಸಿ. ಈ ನಡುವಿನ ಬದಲಾವಣೆಯಲ್ಲಿ ಇನ್ನೊಂದು ಉಪಯೋಗವಿದೆ. ಹೊಟ್ಟೆಗೆ ಹಾಲು ಬಿದ್ದೊಡನೆ ಕರುಳು ಚಲಿಸುವುದು ಸಹಜವಾದ್ದರಿಂದ ಬಹಳಷ್ಟು ಕೂಸುಗಳು ಕುಡಿಯುತ್ತಿರುವಾಗಲೇ ಮಲ ವಿಸರ್ಜಿಸುತ್ತವೆ. ಮೊದಲೇ ಬದಲಾಯಿಸಿದ್ದರೆ ಅದು ಹೊಲಸಾಗಿ ಮತ್ತೆ ಬಿಚ್ಚಬೇಕಾಗುತ್ತದೆ. ನಿಮ್ಮ ಕೂಸಿನ ಅಭ್ಯಾಸ ಒಂದು ವಾರದಲ್ಲಿ ನಿಮಗೇ ತಿಳಿಯುತ್ತದೆ. ಅದರಂತೆ ಕ್ರಮ ಹಾಕಿಕೊಳ್ಳಿ.

ಕುಡಿದು ಮುಗಿದ ಮೇಲೆ ಬರೀ ಒದ್ದೆಯಾಗಿದ್ದರೆ ಅರ್ಧ ಗಂಟೆ ಕಾಯಬಹುದು, ಏನೂ ಆಗುವುದಿಲ್ಲ. ಮಲವಿದ್ದರೆ ಕಾಯುವಂತಿಲ್ಲ, ಚರ್ಮ ಕೆಂಪಾಗುತ್ತದೆ. ಆಗ ಕಾಲು ಎತ್ತದೆ ಬದಲಾಯಿಸುವುದನ್ನು ಕಲಿಯಬೇಕು. ಕೂಸನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಒರೆಸಿ, ಹೊಸ ಬಟ್ಟೆಯ ಅರ್ಧ ಭಾಗವನ್ನು ಸೊಂಟದಡಿ ಸೇರಿಸಿ, ಮತ್ತೆ ಅಂಗಾತ ಮಾಡಿ ಇನ್ನರ್ಧ ಎಳೆದುಕೊಂಡರೆ ಆಯಿತು. ಹಾಸಿಗೆ ಹಿಡಿದ ವೃದ್ಧರಿಗೆ ದಾದಿಯರು ಹೊದಿಕೆ ಬದಲಾಯಿಸುವುದು ಹೀಗೆಯೇ. ನೆಲದ ಮೇಲೆ ಕುಳಿತು ಮಾಡುವವರು ಒಂದು ಮೊಣಕಾಲನ್ನು ಸ್ವಲ್ಪ ಎತ್ತಿ, ಕೂಸಿನ ತಲೆ ಆ ಕಡೆ ಬರುವಂತೆ ಮಡಿಲಲ್ಲಿ ಮಲಗಿಸಿಕೊಂಡರೆ ತಲೆ ತಾನಾಗಿ ಮೇಲಿರುತ್ತದೆ. ಇಬ್ಬರಿದ್ದರೆ ಇನ್ನೂ ಸುಲಭ. ಒಬ್ಬರು ಕೂಸನ್ನು ಹೆಗಲಿಗೆ ಒರಗಿಸಿ ನಿಂತಿರಲಿ, ಇನ್ನೊಬ್ಬರು ಹಿಂದಿನಿಂದ ಬಟ್ಟೆ ಬಿಚ್ಚಿ ಒರೆಸಿ ಕಟ್ಟಲಿ.

ಕಟ್ಟುವ ಬಿಗಿಯ ಬಗ್ಗೆ ಒಂದು ಮಾತು. ಲಂಗೋಟಿಯನ್ನು ಉಡಿದಾರಕ್ಕೆ ಸಿಕ್ಕಿಸುವ ಮನೆಗಳಲ್ಲಿ ನಾಮಕರಣದ ದಿನ ಕಟ್ಟಿದ ದಾರ ಎರಡು ತಿಂಗಳಿಗೆ ಬಿಗಿಯಾಗಿರುತ್ತದೆ. ಕೂಸು ಬೆಳೆದದ್ದನ್ನು ಯಾರೂ ಗಮನಿಸಿರುವುದಿಲ್ಲ. ಡಯಾಪರಿನ ಪಟ್ಟಿಯೂ ಹಾಗೆಯೇ. ಸೋರಬಾರದೆಂದು ಎಳೆದು ಅಂಟಿಸುತ್ತಾರೆ. ದಾರವಾಗಲಿ ಪಟ್ಟಿಯಾಗಲಿ ಹೊಕ್ಕುಳಿನಿಂದ ಕೆಳಗಿರಬೇಕು, ಒಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಕೂಸಿನ ಹೊಟ್ಟೆಗೆ ಬಟ್ಟೆ ಬಿಗಿಯುವ ಪದ್ಧತಿಯನ್ನಂತೂ ಬಿಟ್ಟೇಬಿಡಿ.

ಎಣ್ಣೆ ಹಚ್ಚಿ ಎರೆಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ತುಂಬಿದ ಹೊಟ್ಟೆಯ ಮೇಲೆ ಎಣ್ಣೆ ತಿಕ್ಕಿದರೆ, ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹುಯ್ದರೆ ಯಾವ ಕೂಸು ಕಕ್ಕದೆ ಇದ್ದೀತು? ಎರೆಯುವ ಕೆಲಸ ಹಾಲಿಗಿಂತ ಮೊದಲು ಆಗಲಿ. ಸಾಂಬ್ರಾಣಿ ಹೊಗೆಯನ್ನು ಕೂಸಿನ ಮುಖಕ್ಕೆ ಹಿಡಿಯುವುದು ಬೇಡ. ಮನೆಯೊಳಗಿನ ಬೀಡಿ, ಸಿಗರೇಟಿನ ಹೊಗೆಯೂ ಬೇಡ.

ಹೆಗಲ ಮೇಲಿನ ಅರ್ಧ ಗಂಟೆ

ಹಾಲು ಕುಡಿಸಿದ ಮೇಲೆ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಕೂಸನ್ನು ನೆಟ್ಟಗೆ ಎತ್ತಿಕೊಂಡಿರಬೇಕು. ಎದೆಗೆ ಒರಗಿಸಿ, ಬೆನ್ನು ಮತ್ತು ತಲೆಗೆ ಕೈಯಾಸರೆ ಕೊಟ್ಟು. ತೊಡೆಯ ಮೇಲೆ ಕುಕ್ಕರಿಸಿದರೆ ಮೈ ಮಡಿಸಿ ಹೊಟ್ಟೆ ಒತ್ತುತ್ತದೆ; ಕಾರಿನ ಮಕ್ಕಳ ಆಸನದಲ್ಲಿಯೂ ಅಷ್ಟೇ, ಸೀರೆಯ ಜೋಲಿಯಲ್ಲಿಯೂ ಅಷ್ಟೇ.

ತೇಗು ಬರಿಸುವ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತೇಗು ಬಂದ ಹೊರತು ಮಲಗಿಸಬಾರದೆಂದು ಬೆನ್ನಿಗೆ ಪಟಪಟನೆ ಬಡಿಯುವುದು ಎಲ್ಲ ಕಡೆ ನಡೆದಿದೆ. ಚಂಡೀಗಢದಲ್ಲಿ 71 ತಾಯಿ-ಮಗು ಜೋಡಿಗಳನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ತೇಗು ಬರಿಸಿದ ಗುಂಪಿನಲ್ಲಿ ಕೂಸುಗಳ ಅಳು ಕಡಿಮೆಯಾಗಲಿಲ್ಲ. ಕಕ್ಕುವುದು ಮಾತ್ರ ಇನ್ನೊಂದು ಗುಂಪಿಗಿಂತ ಹೆಚ್ಚಾಗಿತ್ತು! ಸಣ್ಣ ಅಧ್ಯಯನವೇ ಇರಬಹುದು, ಆದರೆ ನಮ್ಮ ದೇಶದ ತಾಯಂದಿರದು. ನೆಟ್ಟಗೆ ಹಿಡಿದುಕೊಂಡರೆ ಬರುವ ತೇಗು ತಾನಾಗಿ ಬರುತ್ತದೆ. ಬಾರದಿದ್ದರೆ ಚಿಂತೆಯಿಲ್ಲ. ಬೆನ್ನು ಸವರಿ, ಬಡಿಯಬೇಡಿ.

ಈ ಅರ್ಧ ಗಂಟೆಯನ್ನು ಯಾರು ಹೊರಬೇಕು? ದಿನಕ್ಕೆ ಎಂಟು ಹತ್ತು ಬಾರಿ ಹಾಲು, ಪ್ರತಿ ಬಾರಿಯೂ ಅರ್ಧ ಗಂಟೆ ಎಂದರೆ ನಾಲ್ಕೈದು ಗಂಟೆಯಾಯಿತು. ಅಷ್ಟು ಹೊತ್ತು ತಾಯಿಯೊಬ್ಬಳೇ ಹೊತ್ತು ಕೂರಲಾರಳು, ಕೂರಿಸಲೂಬಾರದು. ಹೆರಿಗೆಯಾಗಿ, ಬಹುಶಃ ಹೊಟ್ಟೆ ಕೊಯ್ದು ಹೊಲಿಗೆ ಹಾಕಿಸಿಕೊಂಡು ಬಂದವಳು ಆಕೆ. ಹಾಲು ಕೊಡುವುದು ಆಕೆಯಿಂದ ಮಾತ್ರ ಆಗುವ ಕೆಲಸ. ಹೆಗಲು ಕೊಡುವುದು ಯಾರಿಂದಲಾದರೂ ಆಗುವ ಕೆಲಸ. ನಮ್ಮ ಗಂಡಸರು ‘ಕೂಸು ಎತ್ತಿಕೊಳ್ಳಲು ಭಯ’ ಎನ್ನುತ್ತಾ ತಪ್ಪಿಸಿಕೊಳ್ಳುತ್ತಾರೆ. ಭಯ ಹೋಗಲು ಎರಡು ದಿನ ಸಾಕು. ರಾತ್ರಿಯ ಒಂದು ಪಾಳಿ ತಂದೆಯದಾಗಲಿ. ಟೀವಿ ನೋಡುತ್ತಾ ಹೆಗಲು ಕೊಡುವುದಾದರೂ ಆಕ್ಷೇಪವಿಲ್ಲ. ನಿದ್ದೆ ಬಂದರೆ ಮಾತ್ರ ಕೂಸನ್ನು ಎತ್ತಿಕೊಂಡೇ ಸೋಫಾದ ಮೇಲೆ ಒರಗಬಾರದು, ಅದು ಅಪಾಯ. ತವರಿನಲ್ಲಿರುವ ಬಾಣಂತಿಗೆ ಅಪ್ಪ, ತಮ್ಮ, ತಂಗಿ ಎಲ್ಲರಿಗೂ ಹೆಗಲುಗಳಿವೆ.

ಆಮೇಲೆ ಮಲಗಿಸುವುದು ಅಂಗಾತವಾಗಿಯೇ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ. ಕಕ್ಕುವ ಕೂಸು ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂಬ ಹೆದರಿಕೆ ಹಳೆಯದು. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೂ ಅನ್ನನಾಳ ಕೆಳಗೂ ಇರುವುದರಿಂದ ಮೇಲೆ ಬಂದ ಹಾಲು ಮತ್ತೆ ಅನ್ನನಾಳಕ್ಕೇ ಇಳಿಯುತ್ತದೆ. ಬೋರಲು ಮಲಗಿಸಿದರೆ ಕಕ್ಕುವುದು ಕಡಿಮೆಯಾದೀತು, ಆದರೆ ನಿದ್ದೆಯಲ್ಲಿಯೇ ಶಿಶು ಹಠಾತ್ತನೆ ಸಾಯುವ ಅಪಾಯ ಹೆಚ್ಚುತ್ತದೆ. 1990ರ ದಶಕದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ನಡೆದ ಮೇಲೆ ಇಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ತಲೆಯಡಿ ದಿಂಬು, ಇಳಿಜಾರಿನ ಹಾಸಿಗೆ ಯಾವುದೂ ಬೇಡ. ಕೂಸುಗಳನ್ನು ಮಲಗಿಸಲೆಂದು ಮಾರುತ್ತಿದ್ದ ಇಳಿಜಾರಿನ ಹಾಸಿಗೆಗಳನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ.

ಹಾಲು ಬದಲಾಯಿಸಬೇಡಿ

ಎದೆಹಾಲು ಕುಡಿದ ಕೂಸು ಕಕ್ಕಿತೆಂದು ಡಬ್ಬಿ ಹಾಲಿಗೆ ಹೋಗುವುದು ಎಲ್ಲಕ್ಕಿಂತ ದುಬಾರಿಯ ತಪ್ಪು. ಎದೆಹಾಲು ಹೊಟ್ಟೆಯಿಂದ ಬೇಗ ಮುಂದೆ ಸಾಗುತ್ತದೆ. ಡಬ್ಬಿ ಹಾಲು ಹೆಚ್ಚು ಹೊತ್ತು ನಿಲ್ಲುತ್ತದೆ. ಬಾಟಲಿಯಲ್ಲಿ ಉಳಿದದ್ದನ್ನು ಖಾಲಿ ಮಾಡಿಸುವ ಹಟವೂ ಸೇರುತ್ತದೆ. ಶಿಶು ಆಹಾರದ ಡಬ್ಬಿಗಳ ಜಾಹೀರಾತನ್ನು 1992ರ ಕಾಯಿದೆ ನಮ್ಮಲ್ಲಿ ನಿಷೇಧಿಸಿದ್ದರೂ ಡಬ್ಬಿಗೆ ಬಾಯಿಮಾತಿನ ಜಾಹೀರಾತು ನೆರೆಹೊರೆಯಲ್ಲಿ ಸಿಗುತ್ತಲೇ ಇದೆ. ಹಾಲು ರಭಸದಿಂದ ಬಂದು ಕೂಸು ಗುಟುಕರಿಸಲಾರದೆ ಕೆಮ್ಮುತ್ತಿದ್ದರೆ ತಾಯಿ ಹಿಂದಕ್ಕೆ ಒರಗಿ ಕುಳಿತು, ಕೂಸನ್ನು ತನ್ನ ಮೈಮೇಲೆ ಹಾಕಿಕೊಂಡು ಕುಡಿಸಲಿ, ರಭಸ ತಗ್ಗುತ್ತದೆ. ತೊಟ್ಟು ಮಾತ್ರವಲ್ಲದೆ ಸುತ್ತಲಿನ ಕಪ್ಪು ಭಾಗವೂ ಕೂಸಿನ ಬಾಯೊಳಗೆ ಹೋಗಿದ್ದರೆ ಗಾಳಿ ಸೇರುವುದು ಕಡಿಮೆ.

ಕಾರಣಾಂತರದಿಂದ ಹೊರಗಿನ ಹಾಲು ಕೊಡಲೇಬೇಕಾದವರು ಅಳತೆಯನ್ನು ವೈದ್ಯರಿಂದ ಕೇಳಿ ತಿಳಿಯಿರಿ. ಒಳಲೆಯಲ್ಲಿ ಕುಡಿಸುವಾಗ ಕೂಸನ್ನು ಕಾಲ ಮೇಲೆ ಅಡ್ಡ ಮಲಗಿಸಿ ಸುರಿಯುವ ರೂಢಿಯಿದೆ. ಅದು ಬೇಡ; ತಲೆ ಎತ್ತರದಲ್ಲಿರಲಿ, ಕೂಸು ನುಂಗಿದ ಮೇಲೆ ಮುಂದಿನ ಗುಟುಕು. ಗಟ್ಟಿಯಾದರೆ ಹೊಟ್ಟೆಯಲ್ಲಿ ನಿಲ್ಲುತ್ತದೆಂದು ಮೂರನೆಯ ತಿಂಗಳಿಗೇ ರಾಗಿ ಸರಿ ಕುಡಿಸುವವರಿದ್ದಾರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಗ್ರೈಪ್ ವಾಟರ್, ಬಜೆ, ಹರಳೆಣ್ಣೆ ಇವುಗಳಿಂದ ಕಕ್ಕುವುದು ನಿಲ್ಲುವುದಿಲ್ಲ. ಒಂದು ಕಾಲದಲ್ಲಿ ಗ್ರೈಪ್ ವಾಟರಿನಲ್ಲಿ ಮದ್ಯಸಾರ ಇರುತ್ತಿತ್ತು. ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಔಷಧಿಗಳ ಕಥೆ. ಕಕ್ಕುವ ಮಕ್ಕಳಿಗೆ ಹಿಂದೆ ಧಾರಾಳವಾಗಿ ಬರೆಯುತ್ತಿದ್ದ ಸಿಸಾಪ್ರೈಡ್ ಹೃದಯದ ಬಡಿತದ ಲಯ ಕೆಡಿಸುತ್ತದೆಂದು ತಿಳಿದು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ನಮ್ಮಲ್ಲಿ ನಿಷೇಧವಾದದ್ದು 2011ರಲ್ಲಿ. ಹೊಟ್ಟೆಯ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಔಷಧಿಯನ್ನು 162 ಶಿಶುಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ನಿಜವಾದ ಔಷಧಿ ಪಡೆದವರಲ್ಲಿ ಶೇಕಡ 54 ಮಂದಿಗೆ ಗುಣ ಕಂಡಿತು. ಹುಸಿ ಔಷಧಿ ಪಡೆದವರಲ್ಲಿಯೂ ಸರಿಯಾಗಿ ಶೇಕಡ 54! ಎದೆಯ ಸೋಂಕಿನಂಥ ಗಂಭೀರ ತೊಂದರೆಗಳು ಮಾತ್ರ ಔಷಧಿ ಪಡೆದವರಲ್ಲಿ ಹೆಚ್ಚಾಗಿದ್ದವು. ಬರೀ ಕಕ್ಕುವುದೊಂದೇ ಲಕ್ಷಣವಾಗಿದ್ದರೆ ಆಮ್ಲ ತಗ್ಗಿಸುವ ಔಷಧಿ ಕೊಡಬಾರದೆಂದು ಬ್ರಿಟನ್ನಿನ ‘ನೈಸ್’ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಔಷಧಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಆಮ್ಲದಿಂದ ಅನ್ನನಾಳ ಹುಣ್ಣಾದ ಮಕ್ಕಳಿದ್ದಾರೆ, ಹಸುವಿನ ಹಾಲಿನ ಪ್ರೋಟೀನು ಒಗ್ಗದ ಮಕ್ಕಳಿದ್ದಾರೆ. ಅವರನ್ನು ಗುರುತಿಸಲು ವೈದ್ಯರು ಕೂಸನ್ನು ಪರೀಕ್ಷಿಸಬೇಕು, ತೂಕ ನೋಡಬೇಕು. ‘ಹೋದ ಸಲ ಪಕ್ಕದ ಮನೆ ಮಗುವಿಗೆ ಬರೆದದ್ದು’ ಎಂದು ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ.

ಯಾವಾಗ ಓಡಬೇಕು?

ವಾಂತಿ ಹಸಿರು ಬಣ್ಣದ್ದಾಗಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಕರುಳು ತಿರುಚಿಕೊಂಡಿರಬಹುದು, ಗಂಟೆಗಳ ಮೇಲೆ ಜೀವ ನಿಂತಿರುತ್ತದೆ. ರಕ್ತ ಕಂಡರೂ ತಡ ಕೂಡದು. ಮೂರರಿಂದ ಆರು ವಾರದ ಕೂಸು, ಅದರಲ್ಲೂ ಗಂಡು ಕೂಸು, ಹಾಲು ಕುಡಿದೊಡನೆ ಮಾರು ದೂರ ಚಿಮ್ಮುವಂತೆ ವಾಂತಿ ಮಾಡಿ ತಕ್ಷಣ ಮತ್ತೆ ಹಸಿದು ಅಳುತ್ತಿದ್ದರೆ ಜಠರದ ಕೆಳಬಾಯಿ ಕಿರಿದಾಗಿರುವ ಸಂಭವವುಂಟು. ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ, ಆದರೆ ‘ಕಕ್ಕುವುದು ಸಹಜ’ ಎಂದು ಕುಳಿತರೆ ಕೂಸು ನೀರಿಲ್ಲದೆ ಬತ್ತಿಹೋಗುತ್ತದೆ. ಜ್ವರ, ಹೊಟ್ಟೆಯುಬ್ಬರ, ನೆತ್ತಿ ಉಬ್ಬಿಕೊಳ್ಳುವುದು, ಎಬ್ಬಿಸಿದರೂ ಏಳದ ಮಂಪರು, ಹಾಲು ಮುಟ್ಟದಿರುವುದು, ಕುಡಿಯುವಾಗ ಮೈ ನೀಲಿಯಾಗುವುದು, ತೂಕ ಏರದಿರುವುದು, ಲಂಗೋಟಿಗಳ ಎಣಿಕೆ ಇಳಿಯುವುದು, ಇವು ಯಾವುವೂ ಬರೀ ಕಕ್ಕುವ ಕೂಸಿನ ಲಕ್ಷಣಗಳಲ್ಲ. ಆರು ತಿಂಗಳಾದ ಮೇಲೆ ಹೊಸದಾಗಿ ಶುರುವಾದರೂ, ವರ್ಷ ತುಂಬಿದ ಮೇಲೂ ನಿಲ್ಲದಿದ್ದರೂ ತೋರಿಸಬೇಕು.

ಹೋಗುವಾಗ ತಾಯಿ ಕಾರ್ಡು ಮರೆಯಬೇಡಿ. ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ಲಂಗೋಟಿ ಒದ್ದೆಯಾದವು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಕೂಸು ವಾಂತಿ ಮಾಡುವುದನ್ನು ಚಿತ್ರೀಕರಿಸಿಕೊಂಡಿದ್ದರೆ ಕಕ್ಕುವುದೋ ವಾಂತಿಯೋ ಎಂಬ ಚರ್ಚೆಯೇ ಬೇಕಿಲ್ಲ. ಬಟ್ಟೆಯ ಮೇಲೆ ಹಸಿರೋ ಕೆಂಪೋ ಕಲೆಯಿದ್ದರೆ ಒಗೆದುಬಿಡಬೇಡಿ. ಹಾಗೆಯೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.